ಡಬ್ಬಿಯ ಮೇಲಿನ ಊರು

ನಮ್ಮ ಪಕ್ಕದ ಮನೆಯ ಶಾಮರಾಯರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ನಿವೃತ್ತಿಯಾದದ್ದು ನೌಕರಿಗೆ ಮಾತ್ರ, ಸ್ವಭಾವಕ್ಕಲ್ಲ. ಏನು ತೋರಿಸಿದರೂ ಮೊದಲು ಅದರ ದಾಖಲೆ ಕೇಳುತ್ತಾರೆ. ಮೊನ್ನೆ ಬೇಲಿಯ ಗೂಟದ ಮೇಲೆ ಬಿಸಿಲಿಗಿಟ್ಟಿದ್ದ ದುಂಡನೆಯ ಮರದ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ಮೂಸಿ, ಮುಖ ಹಿಂಡಿ, "ಮೇಷ್ಟ್ರೇ, ಇದರೊಳಗೆ ಏನು ಸತ್ತಿತ್ತು?" ಅಂದರು.

"ಏನೂ ಸತ್ತಿಲ್ಲ ರಾಯರೇ. ಮಗಳು ಫ್ರಾನ್ಸಿನಿಂದ ಬರುವಾಗ ತಂದ ಚೀಸಿನ ಡಬ್ಬಿ. ಚೀಸು ಮೊಮ್ಮಕ್ಕಳ ಹೊಟ್ಟೆ ಸೇರಿತು. ಡಬ್ಬಿ ಸೂಜಿ, ದಾರ, ಗುಂಡಿ ಹಾಕಿಡುವುದಕ್ಕೆ ಆಗುತ್ತೆ ಅಂತ ನಮ್ಮವಳು ತೊಳೆದಿಟ್ಟಿದ್ದಾಳೆ."

ರಾಯರು ಕನ್ನಡಕ ಏರಿಸಿ ಮುಚ್ಚಳದ ಮೇಲಿನ ಚೀಟಿ ಓದಿದರು. ಒಂದು ಹಸು, ಒಂದು ಸೇಬಿನ ಮರ, ಕೆಳಗೆ ಅಕ್ಷರ. "ಕಮಾಂಬೇರ್. ಇದು ಕಂಪನಿ ಹೆಸರೋ?"

"ಊರ ಹೆಸರು."

"ಎಷ್ಟು ಜನಸಂಖ್ಯೆ?"

"ಇನ್ನೂರೂ ಇಲ್ಲ."

"ಹಾಗಾದರೆ ಮಜರೆ ಗ್ರಾಮ ಅನ್ನಿ. ಯಾವ ಪಂಚಾಯಿತಿಗೆ ಸೇರುತ್ತೆ?"

"ಯಾವುದಕ್ಕೂ ಸೇರೋಲ್ಲ. ಅದೇ ಒಂದು ಪಂಚಾಯಿತಿ. ಅದಕ್ಕೊಬ್ಬ ಮೇಯರ್ ಇದ್ದಾರೆ, ಕಚೇರಿ ಇದೆ, ಮುದ್ರೆ ಇದೆ, ಬಜೆಟ್ ಇದೆ."

ಮುದ್ರೆ ಎಂಬ ಮಾತು ಕಿವಿಗೆ ಬಿದ್ದದ್ದೇ ರಾಯರು ತಮ್ಮ ಕಡೆಯ ಬೆಂಚನ್ನು ಬೇಲಿಯ ಹತ್ತಿರಕ್ಕೆ ಎಳೆದರು. ಇನ್ನು ಮಧ್ಯಾಹ್ನದ ಊಟದವರೆಗೆ ಅವರು ಏಳುವುದಿಲ್ಲ ಎಂಬುದು ನನಗೂ ಗೊತ್ತು, ಒಳಗಿದ್ದ ನಮ್ಮವಳಿಗೂ ಗೊತ್ತು.

ಫ್ರಾನ್ಸಿನಲ್ಲಿ ಇಂಥವಕ್ಕೆ ಕಮ್ಯೂನ್ ಅನ್ನುತ್ತಾರೆ. ಏಳು ಕೋಟಿಗೆ ತುಸು ಕಡಿಮೆ ಜನರಿರುವ ದೇಶದಲ್ಲಿ ಹತ್ತಿರ ಹತ್ತಿರ 35,000 ಕಮ್ಯೂನ್‌ಗಳು. ಇದನ್ನು ಹೇಳುತ್ತಲೇ ರಾಯರು ಬೆರಳು ಮಡಚಿ, "ತಲಾ ಎರಡು ಸಾವಿರ" ಎಂದು ಸರಾಸರಿ ತೆಗೆದರು. ಆ ಸರಾಸರಿಯಿಂದ ಪ್ರಯೋಜನವಿಲ್ಲ. ಪ್ಯಾರಿಸ್ ಒಂದರಲ್ಲೇ ಇಪ್ಪತ್ತು ಲಕ್ಷ ಜನ ಕೂತಿದ್ದಾರೆ, ಇತ್ತ ಅರ್ಧಕ್ಕಿಂತ ಹೆಚ್ಚು ಕಮ್ಯೂನ್‌ಗಳು ಐನೂರು ಜನರೊಳಗಿನವು. ಐದು ಲಕ್ಷ ಜನರ ತುಲೂಸ್ ನಗರವೂ ಕಮ್ಯೂನೇ, ಕಮಾಂಬೇರ್ ಕೂಡ ಕಮ್ಯೂನೇ. ಕಾನೂನಿನ ಕಣ್ಣಿಗೆ ಎರಡೂ ಒಂದೇ ದರ್ಜೆ. ತುಲೂಸ್‌ನ ಮೇಯರ್ ಮದುವೆ ಮಾಡಿಸುವಾಗ ಸೊಂಟಕ್ಕೋ ಹೆಗಲಿಗೋ ಬಿಗಿಯುವ ನೀಲಿ, ಬಿಳಿ, ಕೆಂಪಿನ ಪಟ್ಟಿಯನ್ನೇ ಕಮಾಂಬೇರ್‌ನ ಮೇಯರ್ ಕೂಡ ಬಿಗಿಯುತ್ತಾರೆ. ಪಟ್ಟಿಯ ಅಗಲದಲ್ಲೂ ಭೇದವಿಲ್ಲ.

"ಇಷ್ಟು ಸಣ್ಣಸಣ್ಣದಾಗಿ ಯಾರು ಒಡೆದರು?" ರಾಯರ ಪ್ರಶ್ನೆ. ಅವರ ಅನುಭವದಲ್ಲಿ ಊರು ಒಡೆಯುವುದು ಎಂದರೆ ಯಾರೋ ರಾಜಕಾರಣಿಯ ಕೈವಾಡ.

ಯಾರೂ ಒಡೆಯಲಿಲ್ಲ. ಮೊದಲೇ ಇದ್ದ ಚರ್ಚಿನ ಎಲ್ಲೆಗಳಿಗೆ ಹೊಸ ಬೋರ್ಡು ಹಾಕಿದರು, ಅಷ್ಟೆ. 1788ರ ಆಗಸ್ಟ್‌ನಲ್ಲಿ ನಮ್ಮ ಟಿಪ್ಪು ಸುಲ್ತಾನರ ರಾಯಭಾರಿಗಳು ಮೂವರು ವರ್ಸೇಯ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡು ಸೈನ್ಯದ ನೆರವು ಕೇಳಿದರಲ್ಲ, ಆ ಹೊತ್ತಿಗೆ ಆ ದೊರೆಯೇ ಸಾಲದಲ್ಲಿ ಮುಳುಗಿದ್ದ. ಮರುವರ್ಷ ಕ್ರಾಂತಿ. 1789ರ ಡಿಸೆಂಬರ್ 14ರಂದು ಹೊರಟ ಕಾನೂನು, ಪ್ರತಿ ಊರಿಗೂ, ಪ್ರತಿ ಪ್ಯಾರಿಷ್‌ಗೂ ಅದರದೇ ಚುನಾಯಿತ ಆಡಳಿತ ಇರಲಿ ಎಂದಿತು. ಗಂಟೆಯ ಗೋಪುರ ಒಂದಿದ್ದರೆ ಅಲ್ಲೊಂದು ಕಮ್ಯೂನ್. ಊರೂರಲ್ಲಿ ಸ್ವಾತಂತ್ರ್ಯದ ಮರ ನೆಟ್ಟರು. 1797ರಲ್ಲಿ ಶ್ರೀರಂಗಪಟ್ಟಣದಲ್ಲೂ ರಿಪೋ ಎಂಬ ಫ್ರೆಂಚನೊಬ್ಬ ತನ್ನವರನ್ನು ಕಲೆಹಾಕಿ ಅಂಥದೇ ಮರ ನೆಟ್ಟನಂತೆ, ಟಿಪ್ಪು ಸಹ ಬಂದಿದ್ದರಂತೆ.

"ಅಂತೆ ಅಂದರೆ? ಮೂಲ ಪ್ರತಿ ಯಾರ ಹತ್ತಿರ ಸಿಕ್ಕಿತು?"

"ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿತು ಅಂತ ಬ್ರಿಟಿಷರು ಅಚ್ಚು ಹಾಕಿಸಿದ ಕಾಗದ."

"ಎದುರು ಪಕ್ಷದವರು ಹಾಜರುಪಡಿಸಿದ ಕಾಗದವೋ! ಅಡಿಗೆರೆ ಎಳೆದು ಇಟ್ಟುಕೊಳ್ಳಿ" ಎಂದರು ರಾಯರು. ಚರಿತ್ರಕಾರರಲ್ಲೂ ಕೆಲವರು ಹೀಗೇ ಅಡಿಗೆರೆ ಎಳೆದಿದ್ದಾರೆ.

ಇನ್ನು ಕಮಾಂಬೇರ್ ಇರುವ ಜಾಗ. ನಾರ್ಮಂಡಿಯ ಒಳನಾಡು, ಓರ್ನ್ ಜಿಲ್ಲೆ. ನಾರ್ಮಂಡಿಯ ಕಡಲತೀರದ ಗದ್ದಲ ಇಲ್ಲಿಗೆ ಮುಟ್ಟುವುದಿಲ್ಲ. ಪೇಯ್ ದೋಜ್ ಎಂದು ಕರೆಯುವ ಏರಿಳಿತದ ಸೀಮೆ. ಜೇಡಿಮಣ್ಣು, ವರ್ಷವಿಡೀ ಹನಿ ಮಳೆ. ನೀರು ಬೇಗ ಇಂಗುವುದಿಲ್ಲ, ಹುಲ್ಲು ಒಣಗುವುದಿಲ್ಲ, ಗೋಧಿಗಿಂತ ಹುಲ್ಲೇ ಲಾಭ. ಹುಲ್ಲಿದ್ದಲ್ಲಿ ಹಸು. ನಾರ್ಮಂಡಿಯ ಹಸುವಿಗೆ ಬಿಳಿ ಮೈ, ಕಂದು ಮಚ್ಚೆ, ಕಣ್ಣಿನ ಸುತ್ತ ಕನ್ನಡಕ ಬರೆದ ಹಾಗೆ ಬಣ್ಣ. ಸೇಬಿನ ತೋಟದ ನೆರಳಲ್ಲೇ ಅವು ಮೇಯುತ್ತವೆ. ಮೇಲೆ ಸೈಡರ್‌ಗೆ ಹಣ್ಣು, ಕೆಳಗೆ ಚೀಸಿಗೆ ಹಾಲು, ಒಂದೇ ಎಕರೆಯಲ್ಲಿ ಎರಡು ಬೆಳೆ. ಪೇಟೆ ದೂರವಿದ್ದ ಕಾಲದಲ್ಲಿ ಹಾಲನ್ನು ಹಾಲಾಗಿಯೇ ಮಾರುವ ದಾರಿ ಇರಲಿಲ್ಲ. ಬೆಣ್ಣೆ ತೆಗೆಯಬೇಕು, ಇಲ್ಲವೇ ಚೀಸು ಮಾಡಬೇಕು.

ಸುಮಾರು ಹತ್ತು ಚದರ ಕಿಲೋಮೀಟರಿನ ಈ ಊರಿಗೆ ಬೀದಿ ಎನ್ನುವಂಥದ್ದಿಲ್ಲ. ಎಲ್ಲೆಂದರಲ್ಲಿ ನೀರು ಸಿಗುವುದರಿಂದ ಪ್ರತಿ ರೈತನೂ ತನ್ನ ಹುಲ್ಲುಗಾವಲಿನ ನಡುವೆಯೇ ಮನೆ ಕಟ್ಟಿಕೊಂಡ. ಮನೆಗಳೂ ಮರದ ಚೌಕಟ್ಟಿನ ನಡುವೆ ಮಣ್ಣು ಮೆತ್ತಿದವು. ಮಗಳ ಜೊತೆ ಹೋದಾಗ ನಾನು ಊರು ಈಗ ಬಂದೀತು, ಆಗ ಬಂದೀತು ಎಂದು ಕಾರಿನ ಕಿಟಕಿಯಲ್ಲಿ ನೋಡುತ್ತಲೇ ಇದ್ದೆ. ಗುಡ್ಡದ ಓರೆಯಲ್ಲಿ ಸಂತ ಆನ್ ಹೆಸರಿನ ಚರ್ಚು, ಅದರ ಹತ್ತಿರ ಮೇರಿ, ಅಂದರೆ ಊರಿನ ಕಚೇರಿ, ಇನ್ನೊಂದು ಕಡೆ ಚೀಸಿನ ಡಬ್ಬಿಯ ಆಕಾರದಲ್ಲೇ ದುಂಡಗೆ ಕಟ್ಟಿದ ವಸ್ತುಸಂಗ್ರಹಾಲಯ. ಮುಗಿಯಿತು. ಕೆಳಗಡೆ ವಿಯೆತ್ ಎಂಬ ಸಣ್ಣ ಹೊಳೆ. ಅಂಗಡಿ ಬೀದಿ, ಸಂತೆ, ಡಾಕ್ಟರು ಬೇಕೆಂದರೆ ಪಕ್ಕದ ವಿಮೂಟಿಯೇ ಪಟ್ಟಣಕ್ಕೆ ಹೋಗಬೇಕು.

ಆದರೆ ಬೇಲಿ! ರಾಯರೇ, ಬೇಲಿಯ ವಿಷಯ ಹೇಳಲೇಬೇಕು. ಆ ಸೀಮೆಯಲ್ಲಿ ಹೊಲಕ್ಕೆ ತಂತಿ ಎಳೆಯುವುದಿಲ್ಲ, ಮಣ್ಣಿನ ದಿಂಡು ಹಾಕಿ ಅದರ ಮೇಲೆ ಮುಳ್ಳುಗಿಡ, ಹೇಜಲ್, ಆಶ್ ಮರ ಬೆಳೆಸುತ್ತಾರೆ. ನೂರಾರು ವರ್ಷದ ಬೇರುಗಳು ಹೆಣೆದುಕೊಂಡು ದಿಂಡು ಕೋಟೆಗೋಡೆಯಾಗಿರುತ್ತದೆ. ಎರಡು ದಿಂಡುಗಳ ನಡುವೆ ತಗ್ಗಿನ ಗಾಡಿದಾರಿ. ಇಂಥ ನೆಲಕ್ಕೆ ಬೊಕಾಜ್ ಎಂದು ಹೆಸರು. 1944ರಲ್ಲಿ ನಾರ್ಮಂಡಿಯ ಪಶ್ಚಿಮ ಭಾಗದಲ್ಲಿ ಅಮೆರಿಕದ ಟ್ಯಾಂಕುಗಳು ಈ ಬೇಲಿಗಳ ಮುಂದೆ ನಿಂತುಬಿಟ್ಟವು. ಹತ್ತಲು ಹೋದರೆ ಮೂತಿ ಮೇಲಾಗಿ ಹೊಟ್ಟೆ ಶತ್ರುವಿಗೆ ಕಾಣುತ್ತಿತ್ತು. ಕೊನೆಗೆ ಜರ್ಮನರೇ ಕಡಲತೀರದಲ್ಲಿ ನೆಟ್ಟಿದ್ದ ಉಕ್ಕಿನ ಅಡ್ಡಗಳನ್ನು ಕೊಯ್ದು ಟ್ಯಾಂಕಿನ ಮೂತಿಗೆ ಹಲ್ಲಿನಂತೆ ಬೆಸುಗೆ ಹಾಕಿ ಬೇಲಿ ಸೀಳಿದರು. ಸೈನ್ಯ ಸೀಳಿದ್ದು ಕಡಿಮೆಯೇ. ಯುದ್ಧದ ನಂತರ ಟ್ರ್ಯಾಕ್ಟರ್ ತಿರುಗಲು ಜಾಗ ಬೇಕೆಂದು ಸರ್ಕಾರ ತುಂಡುಹೊಲಗಳನ್ನು ಒಟ್ಟುಗೂಡಿಸಿದಾಗ ದೇಶದಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಬೇಲಿ ಹೋಯಿತು. ಈಗ ಅದೇ ಸರ್ಕಾರ ಬೇಲಿ ನೆಡಲು ಸಹಾಯಧನ ಕೊಡುತ್ತದೆ.

"ಒತ್ತುವರಿ ಆದಾಗ ಅಳತೆಗೆ ಏನು ಆಧಾರ?" ರಾಯರಿಗೆ ಟ್ಯಾಂಕಿಗಿಂತ ಸರ್ವೆ ಮುಖ್ಯ.

"ನೆಪೋಲಿಯನ್ ಮಾಡಿಸಿದ ನಕ್ಷೆ. 1807ರ ಕಾನೂನು. ಕಮ್ಯೂನ್ ಕಮ್ಯೂನಿಗೆ ಸರ್ವೆಯವರು ಹೋಗಿ ಪ್ರತಿ ಹೊಲ, ಪ್ರತಿ ಮನೆ, ಪ್ರತಿ ತಿಪ್ಪೆ ಅಳೆದರು. ಒಂದೊಂದು ಭಾಗಕ್ಕೆ ಎ, ಬಿ, ಸಿ ಎಂದು ಅಕ್ಷರ, ಒಂದೊಂದು ತುಂಡಿಗೆ ನಂಬರು. ದೇಶ ಪೂರ್ತಿ ಮುಗಿಯುವಷ್ಟರಲ್ಲಿ 1850 ಬಂತು."

"ನಲವತ್ತು ವರ್ಷದಲ್ಲಿ ಮುಗಿಸಿದರೇ?" ಎಂದು ರಾಯರು ಗೌರವದಿಂದ ತಲೆದೂಗಿದರು.

ಈಗ ಚೀಸಿನ ವ್ಯಾಜ್ಯಕ್ಕೆ ಬರೋಣ. ವ್ಯಾಜ್ಯವೇ ಅದು. ಕಥೆ ಹೀಗಿದೆ. ಪಕ್ಕದ ಕ್ರೂತ್ ಗ್ರಾಮದಲ್ಲಿ 1761ರಲ್ಲಿ ಹುಟ್ಟಿದ ಮರೀ ಫೊಂತೇನ್ ಎಂಬ ಹೆಣ್ಣುಮಗಳು ಮದುವೆಯಾಗಿ ಮರೀ ಹರೆಲ್ ಆದಳು. ಕ್ರಾಂತಿಯ ಸರ್ಕಾರ ಪಾದ್ರಿಗಳೆಲ್ಲ ಹೊಸ ವ್ಯವಸ್ಥೆಗೆ ಪ್ರಮಾಣ ಮಾಡಬೇಕು ಎಂದಿತು. ಒಪ್ಪದವರು ತಲೆಮರೆಸಿಕೊಂಡರು. ಬ್ರೀ ಸೀಮೆಯಿಂದ ಬಂದ ಬೊನ್ವೂ ಎಂಬ ಪಾದ್ರಿ 1791ರ ಸುಮಾರಿಗೆ ಕಮಾಂಬೇರ್‌ನ ಬೊಮೊಂಸೆಲ್ ಎಂಬ ದೊಡ್ಡಮನೆಯಲ್ಲಿ ಅಡಗಿದ್ದ. ಅಲ್ಲಿ ಕೆಲಸಕ್ಕಿದ್ದ ಮರೀಗೆ ತನ್ನ ಸೀಮೆಯ ಬ್ರೀ ಚೀಸಿನ ಹದ ಹೇಳಿಕೊಟ್ಟ. ಆಕೆ ಅದನ್ನು ಸ್ಥಳೀಯ ಪುಟ್ಟ ಅಚ್ಚಿನಲ್ಲಿ ಮಾಡಿದಳು. ಕಮಾಂಬೇರ್ ಹುಟ್ಟಿತು.

"ಪಾದ್ರಿ ಹೇಳಿಕೊಟ್ಟದ್ದಕ್ಕೆ ದಾಖಲೆ?"

"ಇಲ್ಲ."

"ವಿರುದ್ಧ ದಾಖಲೆ?"

"ಇದೆ." ರಾಯರ ಕಣ್ಣು ಅರಳಿತು. ತೊಮಾ ಕೊರ್ನೇಯ್ ಎಂಬಾತ 1708ರಲ್ಲಿ ಅಚ್ಚು ಹಾಕಿಸಿದ ಭೂಗೋಳ ಕೋಶದಲ್ಲಿ, ವಿಮೂಟಿಯೇಯಲ್ಲಿ ಪ್ರತಿ ಸೋಮವಾರ ದೊಡ್ಡ ಸಂತೆ ನಡೆಯುತ್ತದೆ, ಅಲ್ಲಿಗೆ ಲಿವರೋ ಮತ್ತು ಕಮಾಂಬೇರ್‌ನ ಒಳ್ಳೆಯ ಚೀಸುಗಳು ಬರುತ್ತವೆ ಎಂದಿದ್ದಾನೆ. ಅಂದರೆ ಮರೀ ಹುಟ್ಟುವುದಕ್ಕೆ ಐವತ್ತಮೂರು ವರ್ಷ ಮೊದಲೇ ಊರಿನ ಹೆಸರಲ್ಲಿ ಚೀಸು ಓಡಾಡುತ್ತಿತ್ತು.

"ಹಾಗಾದರೆ ಆಕೆಯ ಹೆಸರಿಗೆ ಖಾತೆ ಆದದ್ದು ಹೇಗೆ?"

ಆಕೆಯ ಮಕ್ಕಳು, ಮೊಮ್ಮಕ್ಕಳು ಜೋರು. ಮಗಳು, ಅಳಿಯ, ಮೊಮ್ಮಗ ಎಲ್ಲರೂ ಅದೇ ಕಸುಬು ಹಿಡಿದು ಸುತ್ತಲ ಊರುಗಳಲ್ಲಿ ಬೆಳೆದರು. 1863ರಲ್ಲಿ, ಆ ಸೀಮೆಗೆ ರೈಲು ಬಂದ ಹೊಸದರಲ್ಲಿ, ಮೂರನೇ ನೆಪೋಲಿಯನ್ ಸುರ್ದೋಂ ನಿಲ್ದಾಣದಲ್ಲಿ ಇಳಿದನಂತೆ. ಮೊಮ್ಮಗ ವಿಕ್ತೋರ್ ಪೇನೆಲ್ ಒಂದು ಚೀಸನ್ನು ಕೈಗಿತ್ತನಂತೆ. ಚಕ್ರವರ್ತಿಗೆ ರುಚಿಸಿ, ಅರಮನೆಗೂ ಕಳಿಸು ಎಂದನಂತೆ. ಇಲ್ಲಿಯೂ ಅಂತೆಗಳು ಇವೆ, ಆದರೆ ರೈಲು ನಿಜ. ಮೆತ್ತನೆಯ ಚೀಸು ಹೆಚ್ಚು ದಿನ ಉಳಿಯುವುದಿಲ್ಲ. ಗಾಡಿಯಲ್ಲಿ ಮೂರು ದಿನದ ಪ್ಯಾರಿಸ್ ಹಾದಿ ರೈಲು ಬಂದ ಮೇಲೆ ಆರು ಗಂಟೆಯದಾಯಿತು. ಅಷ್ಟು ದಿನ ಹುಲ್ಲು ಸುತ್ತಿ ಮಾರುತ್ತಿದ್ದದ್ದಕ್ಕೆ 1890ರಲ್ಲಿ ರಿದೆಲ್ ಎಂಬ ಇಂಜಿನಿಯರ್ ತೆಳು ಹಲಗೆಯ ಈ ಡಬ್ಬಿ ಕೊಟ್ಟ. ಡಬ್ಬಿ ಬಂದದ್ದೇ ಚೀಸು ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. ಡಬ್ಬಿಗೆ ಚೀಟಿ ಬಂತು, ಚೀಟಿಗೆ ಹಸು ಬಂತು, ಮೊದಲ ಮಹಾಯುದ್ಧದಲ್ಲಿ ಕಂದಕದ ಸೈನಿಕರ ಬುತ್ತಿಗೆ ಲಕ್ಷಗಟ್ಟಲೆ ಡಬ್ಬಿ ಹೋಯಿತು. ಯುದ್ಧ ಮುಗಿಸಿ ಬ್ರಿಟನಿಯವನು, ಪ್ರೊವಾನ್ಸಿನವನು ಮನೆಗೆ ಹೋಗಿ ಅದನ್ನೇ ಕೇಳಿದರು. ಬೇಡಿಕೆ ಇದ್ದಲ್ಲೆಲ್ಲ ಕಾರ್ಖಾನೆ ಎದ್ದಿತು.

ನಾರ್ಮಂಡಿಯವರು ಕೋರ್ಟಿಗೆ ಹೋದರು. 1926ರಲ್ಲಿ ಓರ್ಲೆಯಾಂ ಮೇಲ್ಮನವಿ ನ್ಯಾಯಾಲಯ ಹೇಳಿದ್ದು: ಕಮಾಂಬೇರ್ ಎಂಬುದು ಈಗ ಒಂದು ಬಗೆಯ ಚೀಸಿನ ಸಾಮಾನ್ಯ ಹೆಸರು, ಯಾರು ಬೇಕಾದರೂ ಬಳಸಿಕೊಳ್ಳಬಹುದು. ಅಲ್ಲಿಗೆ ಊರ ಹೆಸರು ಊರಿನ ಕೈ ತಪ್ಪಿತು.

"ಸಾರ್ವಜನಿಕ ಆಸ್ತಿ ಅಂತ ಘೋಷಣೆಯಾಯಿತು ಅನ್ನಿ."

"ಪರಿಹಾರವೂ ಇಲ್ಲದೆ."

1983ರಲ್ಲಿ 'ಕಮಾಂಬೇರ್ ದ ನಾರ್ಮಂಡಿ' ಎಂಬ ಉದ್ದ ಹೆಸರಿಗೆ ಮಾತ್ರ ರಕ್ಷಣೆ ಸಿಕ್ಕಿತು. ಆ ಹೆಸರು ಹಾಕಬೇಕೆಂದರೆ ಹಾಲು ಕಾಯಿಸಬಾರದು, ಅರ್ಧಕ್ಕಾದರೂ ನಾರ್ಮಂಡಿ ತಳಿಯ ಹಸುವಿನದಿರಬೇಕು, ಹೆಪ್ಪುಗಟ್ಟಿದ ಹಾಲನ್ನು ಸೌಟಿನಲ್ಲಿ ಬಿಡುವು ಕೊಟ್ಟು ಕೊಟ್ಟು ಕನಿಷ್ಠ ಐದು ಸಲ ಅಚ್ಚಿಗೆ ಸುರಿಯಬೇಕು, ತೂಕ 250 ಗ್ರಾಂಗೆ ಕಡಿಮೆ ಇರಕೂಡದು. ಹೆಪ್ಪು ಹಾಕುವುದು ಮಾತ್ರ ಕರುವಿನ ಜಠರದಿಂದ ತೆಗೆದ ದ್ರವ್ಯದಿಂದ.

ರಾಯರು ಅಷ್ಟು ಹೊತ್ತೂ ಕೈಯಲ್ಲಿ ತಿರುಗಿಸುತ್ತಿದ್ದ ಡಬ್ಬಿಯನ್ನು ಮೆಲ್ಲಗೆ ಗೂಟದ ಮೇಲಿಟ್ಟು, ನಲ್ಲಿಯವರೆಗೂ ಹೋಗಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಬಂದು ಕೂತರು. "ಮುಂದೆ ಹೇಳಿ" ಅಂದರು.

ಮುಂದೆ ಬೂಷ್ಟು. ನೂರಿಪ್ಪತ್ತು ವರ್ಷದ ಹಿಂದೆ ಈ ಚೀಸಿನ ಮೇಲಿನ ಬೂಷ್ಟು ನೀಲಿ ಬೂದು ಬಣ್ಣದ್ದು. ಪೇಟೆಯವರ ಕಣ್ಣಿಗೆ ಬಿಳಿ ಚಂದ ಕಂಡಿತು. ಬಿಳಿ ಬೂಷ್ಟನ್ನೇ ಆರಿಸಿ ಬೆಳೆಸಿದರು. ಒಂದೇ ತಳಿಯನ್ನು ತಲೆಮಾರುಗಟ್ಟಲೆ ನಕಲು ಮಾಡುತ್ತ ಬಂದದ್ದರಿಂದ ಅದಕ್ಕೀಗ ಬೀಜಕಣ ಹುಟ್ಟಿಸುವ ಶಕ್ತಿಯೇ ಕುಂದಿದೆ ಎಂದು ಫ್ರಾನ್ಸಿನ ಸಂಶೋಧನಾ ಸಂಸ್ಥೆ ಸಿಎನ್‌ಆರ್‌ಎಸ್ 2024ರಲ್ಲಿ ಎಚ್ಚರಿಸಿತು. ಹೆಸರು ಕಳೆದುಕೊಂಡ ಊರಿನ ಚೀಸಿಗೆ ಸಂತಾನದ ಚಿಂತೆ ಬೇರೆ.

ಇಷ್ಟಾದರೂ ಮರೀ ಹರೆಲ್‌ಗೊಂದು ಪ್ರತಿಮೆ ಆಯಿತು. ಅದನ್ನು ಮಾಡಿಸಿದ ಕಥೆ ಚೀಸಿನ ಕಥೆಗಿಂತ ವಿಚಿತ್ರ. 1926ರಲ್ಲಿ, ಹೆಸರು ಕೈ ತಪ್ಪಿದ ಅದೇ ವರ್ಷ, ಜೋಸೆಫ್ ನಿರಿಮ್ ಎಂಬ ಅಮೆರಿಕನ್ ಡಾಕ್ಟರು ವಿಮೂಟಿಯೇಗೆ ಬಂದಿಳಿದ. ತನ್ನ ಹೊಟ್ಟೆನೋವು ಕಮಾಂಬೇರ್ ತಿಂದು ವಾಸಿಯಾಯಿತು, ಆ ತಾಯಿಗೊಂದು ಸ್ಮಾರಕ ಕಟ್ಟಿ, ಇಗೋ ನನ್ನ ಕಾಣಿಕೆ ಎಂದ. ಅಲ್ಲಿಯವರೆಗೆ ಮರೀಯನ್ನು ಹೆಚ್ಚಾಗಿ ಯಾರೂ ನೆನೆದಿರಲಿಲ್ಲ. ಎರಡೇ ವರ್ಷದಲ್ಲಿ ಪ್ರತಿಮೆ ಎದ್ದಿತು. ಗಣರಾಜ್ಯದ ಮಾಜಿ ಅಧ್ಯಕ್ಷ ಅಲೆಕ್ಸಾಂದ್ರ್ ಮಿಲೆರಾಂ ಬಂದು 1928ರ ಏಪ್ರಿಲ್‌ನಲ್ಲಿ ಪರದೆ ಸರಿಸಿದರು. ಆಗ ಆತ ಓರ್ನ್ ಜಿಲ್ಲೆಯ ಸೆನೆಟರ್. ಪ್ರತಿಮೆ ನಿಂತದ್ದು ವಿಮೂಟಿಯೇಯಲ್ಲಿ, ಕಮಾಂಬೇರ್‌ನಲ್ಲಿ ಅಲ್ಲ. ಜನ ಸೇರುವ ಜಾಗದಲ್ಲೇ ತಾನೇ ಪ್ರತಿಮೆ ನಿಲ್ಲಿಸುವುದು?

ಹದಿನಾರು ವರ್ಷದ ಮೇಲೆ, 1944ರ ಜೂನ್ 14ರಂದು, ಅಮೆರಿಕದ ವಿಮಾನಗಳು ವಿಮೂಟಿಯೇಯ ಮೇಲೆ ಬಾಂಬು ಸುರಿದವು. ಜರ್ಮನರ ದಾರಿ ಕಟ್ಟುವುದು ಉದ್ದೇಶ. ಪಟ್ಟಣ ನೆಲಸಮವಾಯಿತು, ಇನ್ನೂರಕ್ಕೂ ಹೆಚ್ಚು ಊರವರು ಸತ್ತರು. ಮರೀಯ ಪ್ರತಿಮೆಯ ತಲೆಯೂ ಹೋಯಿತು. ಅಮೆರಿಕದವನು ಕಟ್ಟಿಸಿದ್ದನ್ನು ಅಮೆರಿಕದವರೇ ಕೆಡವಿದರು. ಮತ್ತೆ 1950ರ ದಶಕದಲ್ಲಿ ಹೊಸ ಪ್ರತಿಮೆ ಬಂತು. ಹಣ ಕೂಡಿಸಿದವರು ಒಹಾಯೊದ ವ್ಯಾನ್ ವರ್ಟ್ ಎಂಬಲ್ಲಿ ಚೀಸು ಕಾರ್ಖಾನೆಯಲ್ಲಿ ದುಡಿಯುವ ಗಂಡಸರು, ಹೆಂಗಸರು. ಅವರು ಮಾಡುತ್ತಿದ್ದದ್ದೂ ಕಮಾಂಬೇರ್ ಎಂಬ ಹೆಸರಿನ ಚೀಸೇ! ಹೆಸರು ಬಳಸಿಕೊಂಡ ಋಣ ತೀರಿಸಿದರೋ, ಬಾಂಬಿನ ಋಣ ತೀರಿಸಿದರೋ, ಕಲ್ಲಿನ ಮೇಲೆ ಬರೆದಿಲ್ಲ.

ಸುತ್ತಲ ಊರುಗಳ ಮಾತೂ ಹೀಗೇ. ಜರ್ಮನ್ ಸೇನಾನಿ ರೊಮ್ಮೆಲ್‌ನ ಕಾರಿಗೆ 1944ರ ಜುಲೈ 17ರಂದು ವಿಮಾನದ ಗುಂಡು ತಗುಲಿ ಆತ ತಲೆಯೊಡೆದುಕೊಂಡು ಬಿದ್ದದ್ದು ಇಲ್ಲಿಗೆ ಹತ್ತಿರದಲ್ಲೇ. ಆ ಹಳ್ಳಿಯ ಹೆಸರು ಸೇಂತ್ ಫೊಯ್ ದ ಮೊಂಗೊಮ್ರಿ. ಎದುರು ಪಾಳೆಯದ ದಂಡನಾಯಕನ ಹೆಸರು ಮಾಂಟ್ಗೊಮರಿ! ಆಗಸ್ಟ್‌ನಲ್ಲಿ ಫಲೇಸ್‌ನ ಹತ್ತಿರ ಸಿಕ್ಕಿಬಿದ್ದ ಜರ್ಮನ್ ಸೈನ್ಯ ತಪ್ಪಿಸಿಕೊಂಡು ಓಡಿದ್ದೂ ಈ ತಗ್ಗಿನ ದಾರಿಗಳಲ್ಲೇ. ಪೆಟ್ರೋಲ್ ಮುಗಿದು ಬಿಟ್ಟುಹೋದ ಟೈಗರ್ ಟ್ಯಾಂಕ್ ಒಂದು ವಿಮೂಟಿಯೇಯ ಹೊರಗೆ ರಸ್ತೆಬದಿಯಲ್ಲಿ ದಶಕಗಟ್ಟಲೆ ನಿಂತಿತ್ತು. ಇನ್ನು ಕ್ರಾಂತಿಯ ನಾಯಕ ಮರಾನನ್ನು ಸ್ನಾನದ ತೊಟ್ಟಿಯಲ್ಲಿ ಇರಿದು ಕೊಂದ ಶಾರ್ಲೋತ್ ಕೊರ್ದೇ ಹುಟ್ಟಿದ್ದು ಈ ನೆರೆಯಲ್ಲೇ, 1768ರಲ್ಲಿ. ಆಕೆ ನಾಟಕಕಾರ ಪಿಯೇರ್ ಕೊರ್ನೇಯ್‌ನ ವಂಶದವಳು. ಆ ಪಿಯೇರ್‌ನ ತಮ್ಮನೇ ಕೋಶದಲ್ಲಿ ನಮ್ಮ ಚೀಸನ್ನು ಬರೆದ ತೊಮಾ.

"ಎಲ್ಲ ನೆಂಟರೇ ಅನ್ನಿ" ಎಂದರು ರಾಯರು. "ಅದೆಲ್ಲ ಇರಲಿ. ಕಚೇರಿ ಹೇಗೆ ನಡೆಯುತ್ತೆ?"

ಕಚೇರಿಯ ಮಾತು ಬಂದರೆ ನನಗೂ ಹುರುಪು. 1792ರ ಸೆಪ್ಟೆಂಬರ್ 20ರಂದು ಜನನ, ಮದುವೆ, ಮರಣದ ದಫ್ತರ ಪಾದ್ರಿಯ ಕೈಯಿಂದ ಕಮ್ಯೂನಿನ ಕೈಗೆ ಬಂತು. ಇಂದಿಗೂ ಅಲ್ಲಿ ಚರ್ಚಿನಲ್ಲಿ ಎಷ್ಟೇ ವೈಭವದಿಂದ ಮದುವೆಯಾಗಲಿ, ಕಾನೂನಿಗೆ ಲೆಕ್ಕವಿಲ್ಲ. ಮೊದಲು ಮೇರಿಗೆ ಬರಬೇಕು. ಹತ್ತು ದಿನ ಮುಂಚೆ ಬಾಗಿಲಿಗೆ ನೋಟೀಸು ಅಂಟಿಸಿರಬೇಕು. ಮೇಯರ್ ಪಟ್ಟಿ ಬಿಗಿದು ಸಿವಿಲ್ ಕೋಡಿನ ಕಲಮುಗಳನ್ನು ಓದಬೇಕು. ಗಂಡಹೆಂಡಿರು ಪರಸ್ಪರ ಗೌರವ, ನಿಷ್ಠೆ, ನೆರವು ಸಲ್ಲಿಸತಕ್ಕದ್ದು ಎಂಬುದೆಲ್ಲ ಅದರಲ್ಲಿದೆ. ಓದುವಾಗ ಬಾಗಿಲು ತೆರೆದಿರಬೇಕು, ಆಕ್ಷೇಪಣೆ ಇದ್ದವರು ನುಗ್ಗಿ ಬರಲು ಅನುಕೂಲವಾಗಲಿ ಎಂದು. ಗೋಡೆಯ ಮೇಲೆ ಗಣರಾಜ್ಯದ ಸಂಕೇತ ಮರಿಯಾನ್‌ಳ ಎದೆಮಟ್ಟದ ಪ್ರತಿಮೆ. ಕೆಲವು ಊರುಗಳಲ್ಲಿ ಅದಕ್ಕೆ ಸಿನಿಮಾ ನಟಿ ಬ್ರಿಜಿತ್ ಬಾರ್ದೋ ಮುಖ, ಇನ್ನು ಕೆಲವೆಡೆ ಕತ್ರೀನ್ ದನ್ಯೂವ್ ಮುಖ. ಯಾವ ಮುಖ ಬೇಕೆನ್ನುವುದು ಆಯಾ ಊರಿನ ಇಷ್ಟ.

"ದಫ್ತರ ಎಷ್ಟು ಪ್ರತಿ?"

"ಎರಡು. ಒಂದು ಊರಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ."

"ಭೇಷ್."

ಮೇಯರ್ ಎಂದರೆ ಎರಡು ಟೋಪಿಯ ಮನುಷ್ಯ. ಊರಿಗೆ ಅವರು ಚುನಾಯಿತ ಮುಖ್ಯಸ್ಥ, ಸರ್ಕಾರಕ್ಕೆ ಪ್ರತಿನಿಧಿ. ಪೊಲೀಸ್ ಅಧಿಕಾರವೂ ಸ್ವಲ್ಪ ಇದೆ. ನಾಯಿ ಕಚ್ಚಿದರೆ, ಬೇಲಿ ಬಿದ್ದರೆ, ರಸ್ತೆಗೆ ಮರ ಉರುಳಿದರೆ ರಾತ್ರಿ ಬಾಗಿಲು ಬಡಿಯುವುದು ಅವರದನ್ನೇ. ಗೌರವಧನ ತಿಂಗಳಿಗೆ ಸಾವಿರ ಯೂರೋ ಆಸುಪಾಸು. ನಿಜವಾದ ಕಚೇರಿ ನಡೆಸುವವರು ಕಾರ್ಯದರ್ಶಿ. ಸಣ್ಣ ಊರಾದರೆ ಅವರು ಒಂದೆಡೆ ಅರ್ಧ ದಿನ, ಇನ್ನೊಂದೆಡೆ ಅರ್ಧ ದಿನ ಎಂದು ಹಲವು ಊರು ಸುತ್ತುತ್ತಾರೆ. ಹಾಗಾಗಿ ಮೇರಿ ತೆರೆಯುವುದೂ ವಾರದಲ್ಲಿ ಕೆಲವೇ ಗಂಟೆ. ಹೆಚ್ಚಿನ ಊರುಗಳಲ್ಲಿ ಹತ್ತಿರದಲ್ಲೇ ಮೊದಲ ಮಹಾಯುದ್ಧದಲ್ಲಿ ಸತ್ತವರ ಸ್ಮಾರಕ ಇರುತ್ತದೆ. ನವೆಂಬರ್ 11ಕ್ಕೆ ಮೇಯರ್ ಅಲ್ಲಿ ನಿಂತು ಒಂದೊಂದೇ ಹೆಸರು ಓದುತ್ತಾರೆ. ಈಗ ಊರಲ್ಲಿರುವ ಗಂಡಸರ ತಲೆ ಎಣಿಸಿ ಆ ಪಟ್ಟಿಯ ಪಕ್ಕ ಇಟ್ಟರೆ, ಎಷ್ಟೋ ಹಳ್ಳಿಗಳು ಆಮೇಲೆ ಚೇತರಿಸಿಕೊಳ್ಳದೇ ಇದ್ದದ್ದು ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟು ಸಣ್ಣ ಊರುಗಳನ್ನು ಸೇರಿಸಿಬಿಡಿ ಎಂದು ಪ್ಯಾರಿಸ್‌ನಲ್ಲಿ ಕೂತವರು ಆಗಾಗ ಹೇಳುತ್ತಲೇ ಬಂದಿದ್ದಾರೆ. ಕಸ, ಕೈಗಾರಿಕಾ ವಲಯ ಇಂಥವನ್ನೆಲ್ಲ ಹತ್ತಾರು ಕಮ್ಯೂನ್‌ಗಳ ಒಕ್ಕೂಟಕ್ಕೆ ಒಪ್ಪಿಸಿದ್ದಾಗಿದೆ. 2016ರ ಜನವರಿಯಲ್ಲಿ ಜಿಲ್ಲೆಯ ಗಡಿಯಾಚೆಯ ಲಿವರೋ, ಅದೇ ಚೀಸಿನ ಸವತಿ ಊರು, ನೆರೆಹೊರೆಯ ಹಳ್ಳಿಗಳನ್ನು ಕೂಡಿಸಿಕೊಂಡು ಇಪ್ಪತ್ತೆರಡು ಕಮ್ಯೂನ್‌ಗಳ ಒಂದೇ ಕಮ್ಯೂನ್ ಆಯಿತು. ಕಮಾಂಬೇರ್ ಹೋಗಿ ಯಾರಲ್ಲೂ ಸೇರಲಿಲ್ಲ. ಹೆಸರನ್ನು ಜಗತ್ತೇ ತೆಗೆದುಕೊಂಡು ಹೋಗಿದೆ, ಊರಿನೊಳಗೇ ಆ ಚೀಸು ಮಾಡುವ ರೈತನ ಮನೆ ಬಹುಕಾಲ ಒಂದೇ ಒಂದು ಉಳಿದಿತ್ತು, ನಾಯಕಿಯ ಪ್ರತಿಮೆ ಪಕ್ಕದೂರಲ್ಲಿದೆ. ಉಳಿದದ್ದು ಒಂದು ಮುದ್ರೆ, ಎರಡು ಪ್ರತಿ ದಫ್ತರ, ಹನ್ನೊಂದು ಸದಸ್ಯರು. ಅದನ್ನೂ ಬಿಟ್ಟುಕೊಡಿ ಎಂದರೆ ಯಾವ ಊರು ಕೊಟ್ಟೀತು?

"ಹನ್ನೊಂದು ಸದಸ್ಯರು? ಇನ್ನೂರೂ ತುಂಬದ ಊರಿಗೆ?"

"ನೂರರಿಂದ ಐನೂರರೊಳಗಿನ ಊರಿಗೆ ಹನ್ನೊಂದು. ಕಾನೂನು. ಮಕ್ಕಳು, ಮುದುಕರನ್ನು ಬಿಟ್ಟರೆ ಕೆಲವೇ ಮನೆಗಳಿಗೊಬ್ಬ ಕೌನ್ಸಿಲರ್."

"ಮತದಾನ?"

ಇದು ರಾಯರಿಗೆ ಹೇಳಲೆಂದೇ ನಾನು ಕಾಯ್ದಿಟ್ಟಿದ್ದ ವಿಷಯ. ಸಣ್ಣ ಊರುಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಹೆಸರುಗಳ ಪಟ್ಟಿ ಅಚ್ಚಾದ ಚೀಟಿ ಕೊಡುತ್ತಿದ್ದರು. ಮತದಾರ ಪರದೆಯ ಹಿಂದೆ ಹೋಗಿ ತನಗೆ ಬೇಡದವನ ಹೆಸರಿಗೆ ಪೆನ್ನಿನಲ್ಲಿ ಗೀಟು ಹಾಕಬಹುದಿತ್ತು.

ರಾಯರು ಬೆಂಚಿನಿಂದ ಎದ್ದೇ ನಿಂತರು. "ಗೀಟು? ಹೆಸರಿನ ಮೇಲೆ?"

"ಹೆಸರಿನ ಮೇಲೆಯೇ. ಬೇಕಾದರೆ ಬೇರೆ ಪಟ್ಟಿಯವನ ಹೆಸರು ಬರೆಯಬಹುದಿತ್ತು. ಎಣಿಸುವ ದಿನ ಊರವರೆಲ್ಲ ಬಂದು ಕೂತು, ಯಾರಿಗೆ ಎಷ್ಟು ಗೀಟು ಬಿತ್ತು ಅಂತ ಗುರುತು ಹಾಕಿಕೊಳ್ಳುತ್ತಿದ್ದರಂತೆ. ಆರು ವರ್ಷ ನಗುನಗುತ್ತ ಬ್ರೆಡ್ ತಂದುಕೊಟ್ಟ ನೆರೆಯವನಿಗೇ ಅತಿ ಹೆಚ್ಚು ಗೀಟು. 2025ರಲ್ಲಿ ಕಾನೂನು ಬದಲಾಯಿಸಿದರು. 2026ರ ಮಾರ್ಚ್ ಚುನಾವಣೆಯಿಂದ ಸಣ್ಣ ಊರಲ್ಲೂ ಇಡೀ ಪಟ್ಟಿಗೇ ಮತ, ಒಬ್ಬ ಗಂಡಸು, ಒಬ್ಬ ಹೆಂಗಸು ಅಂತ ಸಾಲಾಗಿ. ಗೀಟು ಹಾಕಿದರೆ ಚೀಟಿ ರದ್ದು."

"ಛೆ."

"ಅದಕ್ಕೂ ಮೊದಲು, 2014ರ ಚುನಾವಣೆ ಬರುವವರೆಗೆ, ನಾಮಪತ್ರವೇ ಬೇಕಿರಲಿಲ್ಲ ರಾಯರೇ. ನಿಲ್ಲದವನ ಹೆಸರನ್ನೂ ಬರೆಯಬಹುದಿತ್ತು. ತನ್ನ ಪಾಡಿಗೆ ಹಸು ಕರೆಯುತ್ತಿದ್ದವನು ಸಂಜೆಗೆ ಕೌನ್ಸಿಲರ್ ಆಗಿರುತ್ತಿದ್ದ."

"ಬೇಡ ಅಂದರೆ?"

"ರಾಜೀನಾಮೆ ಕೊಡಬೇಕು. ಸದಸ್ಯನಾದರೆ ಮೇಯರಿಗೆ. ಮೇಯರೇ ಆಗಿದ್ದರೆ ಜಿಲ್ಲೆಯ ಪ್ರಿಫೆಕ್ಟಿಗೆ."

"ಪ್ರಿಫೆಕ್ಟು ಸುಮ್ಮನಿದ್ದುಬಿಟ್ಟರೆ?"

"ಇನ್ನೊಂದು ಸಲ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು. ಅದಾಗಿ ಒಂದು ತಿಂಗಳಿಗೆ ತಾನಾಗಿ ಜಾರಿಗೆ ಬರುತ್ತೆ."

ರಾಯರು ಸ್ವಲ್ಪ ಹೊತ್ತು ಯೋಚಿಸಿದರು. ಒಳಗಿನಿಂದ ಅವರ ಮನೆಯಾಕೆ ಊಟಕ್ಕೆ ಕರೆದದ್ದು ಎರಡು ಸಲ ಕೇಳಿಸಿತು. "ಅಕ್ನಾಲೆಡ್ಜ್‌ಮೆಂಟ್ ಕಾರ್ಡು ಜೋಪಾನವಾಗಿ ಇಟ್ಟುಕೊಳ್ಳಬೇಕು ಮೇಷ್ಟ್ರೇ, ತಾರೀಕು ಅದರ ಮೇಲಿಂದಲೇ ಎಣಿಸೋದು" ಎಂದು, ಕಮಾಂಬೇರ್‌ನ ಮೇಯರಿಗೆ ತಿಳಿಸಬೇಕಾದ ಧಾಟಿಯಲ್ಲೇ ಹೇಳಿ, ಬೆಂಚನ್ನು ಹಿಂದಕ್ಕೆ ಎಳೆಯತೊಡಗಿದರು.